ತವರಿನ ಪ್ರೀತಿ ಮತ್ತು ಒಂದು ಸಹಿ

ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಹೊರಡುವುದು ಕಿರಂಗೂರಿನ ಬನ್ನಿಮಂಟಪದಿಂದ. ಆ ಸಂಭ್ರಮದ ದಿನಗಳನ್ನು ಬಿಟ್ಟರೆ ಕಿರಂಗೂರು ಕಾವೇರಿ ಬಯಲಿನ ಇತರ ಊರುಗಳಂತೆಯೇ ಭತ್ತ, ಕಬ್ಬಿನ ಲೆಕ್ಕಾಚಾರದಲ್ಲಿ ಬದುಕುವ ಊರು. 2023ರಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಉದ್ಘಾಟನೆಯಾಯಿತು. ಇಂಥ ಹೆದ್ದಾರಿಯ ಆಸುಪಾಸಿನಲ್ಲಿ ಎಕರೆ, ಗುಂಟೆಗಳ ಮಾತು ಬಲುಬೇಗ ಚದರಡಿಗಳ ಮಾತಾಗುತ್ತದೆ. ಆಗ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ತವರಿನಿಂದ ಕರೆ ಬರುತ್ತದೆ: ‘ಒಂದು ಸಹಿ ಬೇಕಾಗಿತ್ತು, ಬಂದು ಹೋಗವ್ವ.’

ಆ ಸಹಿ ಬೀಳುವುದು ಹಕ್ಕು ಬಿಡುಗಡೆ ಪತ್ರದ ಮೇಲೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ನೀಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಜಾರಿಗೆ ತಂದಿತ್ತು. ಆದರೆ ಅದಕ್ಕೂ ಮೊದಲು ಮದುವೆಯಾದವರು ಅದರ ಹೊರಗುಳಿದಿದ್ದರು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ಅಳಿಸಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದು, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಕಾನೂನು ಇಷ್ಟು ದೂರ ಬಂದಿದೆ. ಆದರೂ ಅನೇಕ ಮನೆಗಳಲ್ಲಿ ಆ ಹಕ್ಕು ಉಪನೋಂದಣಾಧಿಕಾರಿ ಕಚೇರಿಯ ಮೇಜಿನ ಮೇಲೆ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಕಾರಣ ಕೇಳಿದರೆ ಸಿಗುವ ಉತ್ತರ ಎಲ್ಲರಿಗೂ ಪರಿಚಿತ: ‘ನಾಲ್ಕು ಗುಂಟೆಗೋಸ್ಕರ ತವರು ಕಳೆದುಕೊಳ್ಳಲೇ?’

ಈ ಉತ್ತರವನ್ನು ಅಜ್ಞಾನವೆಂದು ತಳ್ಳಿಹಾಕಬೇಕೇ, ಇಲ್ಲವೇ ಅದೂ ಒಂದು ನೈತಿಕ ತೀರ್ಮಾನವೆಂದು ಗೌರವಿಸಬೇಕೇ? ಮನಶ್ಶಾಸ್ತ್ರಜ್ಞರು ಬಹುಕಾಲ ಜಗಳವಾಡಿರುವುದು ಹೆಚ್ಚುಕಡಿಮೆ ಇದೇ ಪ್ರಶ್ನೆಯ ಸುತ್ತ.

ಅಮೆರಿಕದ ಲಾರೆನ್ಸ್ ಕೋಲ್ಬರ್ಗ್ 1958ರಲ್ಲಿ ಶಿಕಾಗೊ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಿಂದ ಈ ಚರ್ಚೆ ಬಿರುಸು ಪಡೆಯಿತು. ಸಾಯುತ್ತಿರುವ ಹೆಂಡತಿಗಾಗಿ ಗಂಡ ಔಷಧಿ ಕದಿಯಬಹುದೇ ಎಂಬಂಥ ಪ್ರಶ್ನೆಗಳಿಗೆ ಮಕ್ಕಳು ಕೊಡುವ ಕಾರಣಗಳನ್ನು ಆಧರಿಸಿ ಆತ ನೈತಿಕ ಬೆಳವಣಿಗೆಯನ್ನು ಆರು ಮೆಟ್ಟಿಲುಗಳಾಗಿ ವಿಂಗಡಿಸಿದ. ಶಿಕ್ಷೆಯ ಭಯ ಮೊದಲ ಮೆಟ್ಟಿಲು. ಸಾರ್ವತ್ರಿಕ ನ್ಯಾಯತತ್ವ ಕೊನೆಯದು. ತನ್ನವರ ಕಣ್ಣಲ್ಲಿ ಒಳ್ಳೆಯವರಾಗಿರುವುದು, ಸಂಬಂಧ ಉಳಿಸಿಕೊಳ್ಳುವುದು ಮೂರನೆಯದು. ಹೆಂಗಸರು ಹೆಚ್ಚಾಗಿ ಈ ಮೂರನೆಯದರಲ್ಲೇ ನಿಲ್ಲುತ್ತಾರೆಂಬ ಅಭಿಪ್ರಾಯವೂ ಹುಟ್ಟಿಕೊಂಡಿತು. ಆದರೆ ಆತ ತನ್ನ ಮೂಲ ಅಧ್ಯಯನಕ್ಕೆ ಆರಿಸಿಕೊಂಡಿದ್ದವರೆಲ್ಲ ಹುಡುಗರೇ! ಅಳತೆಗೋಲನ್ನು ಗಂಡಿನ ಎತ್ತರಕ್ಕೆ ಮಾಡಿಸಿ, ಹೆಣ್ಣು ಗಿಡ್ಡ ಎಂದಂತಾಯಿತು.

ಇದನ್ನು ಎತ್ತಿ ತೋರಿಸಿದವರು ಹಾರ್ವರ್ಡ್‌ನಲ್ಲಿ ಆತನ ಸಹೋದ್ಯೋಗಿಯಾಗಿದ್ದ ಕ್ಯಾರೊಲ್ ಗಿಲಿಗನ್. 1982ರಲ್ಲಿ ಪ್ರಕಟವಾದ ಅವರ ಪುಸ್ತಕ, ಹಕ್ಕು–ನ್ಯಾಯಗಳ ಭಾಷೆಯ ಜೊತೆಗೆ ಕಾಳಜಿ–ಹೊಣೆಗಾರಿಕೆಗಳ ಇನ್ನೊಂದು ನೈತಿಕ ಭಾಷೆಯೂ ಇದೆ, ಅದು ಕೀಳಲ್ಲ ಎಂದು ವಾದಿಸಿತು. ‘ತವರು ಕಳೆದುಕೊಳ್ಳಲೇ?’ ಎನ್ನುವ ಹೆಣ್ಣುಮಗಳ ದನಿಗೆ ಇಲ್ಲಿ ಮೊದಲ ಬಾರಿಗೆ ಗೌರವ ಸಿಕ್ಕಿತು ಎನ್ನಬಹುದು.

ಆದರೆ ಕಾಳಜಿ ಹೆಣ್ಣಿನ ಸಹಜಗುಣ ಎಂದು ಇದನ್ನು ಓದಿಕೊಂಡರೆ ಅಪಾಯ. ಲಾರೆನ್ಸ್ ವಾಕರ್ 1984ರಲ್ಲಿ ಆವರೆಗಿನ ಅಧ್ಯಯನಗಳನ್ನು ಪರಿಶೀಲಿಸಿದಾಗ ಕೋಲ್ಬರ್ಗ್‌ನ ಮೆಟ್ಟಿಲುಗಳಲ್ಲಿ ಗಂಡು–ಹೆಣ್ಣಿನ ಅಂತರ ಕಂಡುಬಂದದ್ದು ಅಪರೂಪಕ್ಕೆ. 2000ದಲ್ಲಿ ಸಾರಾ ಜಾಫಿ ಮತ್ತು ಜಾನೆಟ್ ಹೈಡ್ ನಡೆಸಿದ ವಿಸ್ತೃತ ವಿಶ್ಲೇಷಣೆಯಲ್ಲೂ ಕಾಳಜಿ, ನ್ಯಾಯಗಳ ವಿಷಯದಲ್ಲಿ ಕಂಡದ್ದು ಸಣ್ಣ ಅಂತರ ಮಾತ್ರ.

ಇನ್ನೂ ಕುತೂಹಲಕರ ಸಾಕ್ಷ್ಯ ಕಿರಂಗೂರಿನ ಪಕ್ಕದಲ್ಲೇ ಇದೆ. ಜೋನ್ ಮಿಲ್ಲರ್ ಮತ್ತು ಡೇವಿಡ್ ಬರ್ಸಾಫ್ 1992ರಲ್ಲಿ ಪ್ರಕಟಿಸಿದ ಅಧ್ಯಯನ ನಡೆದದ್ದು ಮೈಸೂರಿನಲ್ಲಿ ಹಾಗೂ ಅಮೆರಿಕದ ನ್ಯೂಹೇವನ್‌ನಲ್ಲಿ. ಗೆಳೆಯನ ಮದುವೆಗೆ ಉಂಗುರ ತಲುಪಿಸಲೇಬೇಕು, ಕೈಯಲ್ಲಿ ಕಾಸಿಲ್ಲ. ಬೇರೊಬ್ಬರ ರೈಲು ಟಿಕೆಟ್ ಕದಿಯಬಹುದೇ? ಇಂಥ ಇಕ್ಕಟ್ಟುಗಳಲ್ಲಿ ಸಂಬಂಧದ ಹೊಣೆಗೆ ಮಹತ್ವ ಕೊಟ್ಟವರು ಅಮೆರಿಕನ್ನರಿಗಿಂತ ನಮ್ಮವರಲ್ಲೇ ಬಹಳ ಹೆಚ್ಚು. ಅಮೆರಿಕನ್ನರು ಅದನ್ನು ವೈಯಕ್ತಿಕ ಆಯ್ಕೆಯೆಂದು ಕಾಣುವ ಕಡೆಯಲ್ಲೂ ಮೈಸೂರಿನವರಿಗೆ ಅದು ಕರ್ತವ್ಯ.

ನಮ್ಮ ಪ್ರಶ್ನೆ ಇಲ್ಲಿಂದಲೇ ಮೊನಚಾಗುತ್ತದೆ. ಈ ಸೀಮೆಯಲ್ಲಿ ಸಂಬಂಧ ಕಾಯುವುದು ಎಲ್ಲರ ಧರ್ಮವಾದರೆ, ಸಹಿ ಹಾಕುವವಳು ತಂಗಿಯೊಬ್ಬಳೇ ಏಕೆ? ಅಣ್ಣನಿಗೆ ಕಾಳಜಿಯಿಲ್ಲವೆಂದಲ್ಲ. ಗೌರಿ ಹಬ್ಬಕ್ಕೆ ಬಾಗಿನ ಒಯ್ಯುತ್ತಾನೆ, ಬಾಣಂತನಕ್ಕೆ ಕರೆತರುತ್ತಾನೆ, ಕಷ್ಟಕ್ಕೆ ಓಡಿಬರುತ್ತಾನೆ. ಆದರೆ ‘ಪಾಲು ಕೊಡದಿದ್ದರೆ ತಂಗಿಯನ್ನು ಕಳೆದುಕೊಂಡೇನು’ ಎಂಬ ಅಳುಕು ಅವನನ್ನು ಕಾಡುವುದು ಅಪರೂಪ. ಸಂಬಂಧ ಮುರಿಯುವ ಭಯವನ್ನು ಒಬ್ಬಳೇ ಹೊರಬೇಕಾದಾಗ ಅವಳ ತ್ಯಾಗವನ್ನು ಸ್ವಭಾವವೆಂದು ಹೊಗಳುವುದು ಎಲ್ಲರಿಗೂ ಅನುಕೂಲ. ಅಲ್ಲಿ ಕಾಣುವ ಭೇದ ಮನಸ್ಸಿನದಲ್ಲ, ಬಲಾಬಲದ್ದು. ಗಂಡನ ಮನೆಯಲ್ಲಿ ಏನಾದರೂ ಆದರೆ ಹಿಂತಿರುಗಲು ಇರುವ ಒಂದೇ ಬಾಗಿಲು ತವರು ಎನ್ನುವವಳ ಸಹಿಯನ್ನು ಪೂರ್ತಿ ಸ್ವಇಚ್ಛೆಯದೆಂದು ಕರೆಯುವುದು ಕಷ್ಟ.

ಗಿಲಿಗನ್ ಕೂಡ ತ್ಯಾಗವನ್ನು ಕಾಳಜಿಯ ತುದಿಯೆಂದು ಹೇಳಲಿಲ್ಲ. ತನ್ನನ್ನು ಮರೆತು ಇತರರನ್ನು ನೋಡಿಕೊಳ್ಳುವುದು ನಡುವಿನ ಹಂತ; ಕಾಳಜಿಯ ವಲಯದೊಳಗೆ ತನ್ನನ್ನೂ ಸೇರಿಸಿಕೊಳ್ಳುವುದು ಪಕ್ವತೆ ಎಂಬುದು ಅವರ ವಾದ. ಹಾಗಾಗಿ ಪಾಲು ಕೇಳುವ ಮಗಳು ಪ್ರೀತಿಗೆ ಎರವಾದವಳಲ್ಲ. ಎಲ್ಲವನ್ನೂ ತಿಳಿದು, ತನ್ನ ಭದ್ರತೆಯನ್ನು ಯೋಚಿಸಿ, ಯಾರ ಒತ್ತಡವೂ ಇಲ್ಲದೆ ಬಿಟ್ಟುಕೊಡುವವಳು ದಡ್ಡಿಯೂ ಅಲ್ಲ. ಪತ್ರ ಬರೆಸುವ ಮುನ್ನ ಆ ಜಮೀನಿನ ಬೆಲೆ, ಅವಳ ಪಾಲಿನ ಅಳತೆ ಅವಳಿಗೆ ಗೊತ್ತಿದೆಯೇ, ‘ಇಲ್ಲ’ ಎಂದರೂ ಮುಂದಿನ ಗೌರಿಗೆ ಬಾಗಿನ ಬರುತ್ತದೆಯೇ ಎಂದು ಮನೆಯವರು ತಮ್ಮನ್ನೇ ಕೇಳಿಕೊಳ್ಳಬೇಕು.

ನಾವೆಲ್ಲ ಬಾಲ್ಯದಲ್ಲಿ ಕೇಳಿದ ಪುಣ್ಯಕೋಟಿಯ ಕತೆಯನ್ನು ಹಸುವಿನ ಸತ್ಯನಿಷ್ಠೆಗಾಗಿ ನೆನೆಯುತ್ತೇವೆ. ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಹೊರಟ ಆ ಹಸು ಕರುವಿನ ಪೋಷಣೆಯ ಏರ್ಪಾಡನ್ನೂ ಮಾಡಿಯೇ ಹೊರಡುತ್ತದೆ. ನ್ಯಾಯ, ಕಾಳಜಿಗಳೆರಡೂ ಒಂದೇ ಜೀವದಲ್ಲಿ ಇರಬಲ್ಲವು. ಆದರೆ ಆ ಕತೆಯಲ್ಲಿ ಬದಲಾಗುವುದು ಹಸುವಲ್ಲ, ಹುಲಿ. ಎದುರು ಬಂದು ನಿಂತವಳು ತನ್ನ ಒಡಹುಟ್ಟಿದವಳೆಂದು ಅದಕ್ಕೆ ತಟ್ಟನೆ ತೋರುತ್ತದೆ. ತಂಗಿಯ ತ್ಯಾಗವನ್ನು ಹಾಡಿ ಹೊಗಳುವ ಮನೆಗಳು ಕತೆಯ ಈ ಭಾಗವನ್ನೂ ಒಮ್ಮೆ ನೆನಪಿಸಿಕೊಳ್ಳಬೇಕು.