ಒಂದು ವಿಷಯಕ್ಕೆ ಒಂದೇ ಹೆಸರು

ಸರ್ಕಾರಿ ಕಚೇರಿಯ ಕಡತವನ್ನು ಬಿಚ್ಚಿ ನೋಡಿದವರು ಬಲ್ಲರು: ಗುಮಾಸ್ತರಿಂದ ಮೇಲಧಿಕಾರಿಗಳವರೆಗೆ ಒಬ್ಬೊಬ್ಬರೂ ಬರೆದ ಟಿಪ್ಪಣಿಗಳು ಒಂದು ಭಾಗದಲ್ಲಿ, ಬಂದ ಹಾಗೂ ಹೋದ ಪತ್ರಗಳು ಇನ್ನೊಂದು ಭಾಗದಲ್ಲಿ, ಅವುಗಳ ಬೆನ್ನಿಗೆ ಲಗತ್ತುಗಳು, ಹೀಗೆ ಒಂದು ವಿಷಯಕ್ಕೆ ಸಂಬಂಧಿಸಿದುದೆಲ್ಲವೂ ಒಂದೇ ರಟ್ಟಿನೊಳಗೆ, ಒಂದೇ ಶೀರ್ಷಿಕೆಯ ಅಡಿಯಲ್ಲಿ ಕೂಡಿಕೊಂಡಿರುತ್ತವೆ. ಕಚೇರಿಯ ವಿಳಂಬವನ್ನು ನಾವು ಎಷ್ಟಾದರೂ ನಿಂದಿಸಬಹುದು. ಈ ಏರ್ಪಾಡು ಮಾತ್ರ ವಿವೇಕದ್ದು.

ಗಣಕಯಂತ್ರವು ಈ ಕೂಟವನ್ನು ಚದುರಿಸಿತು. ಮಿಂಚಂಚೆಗೆ ಒಂದು ಮನೆ, ಟಿಪ್ಪಣಿಗೆ ಮೊಬೈಲಿನ ಮತ್ತೊಂದು ಆ್ಯಪ್, ದಾಖಲೆಗಳಿಗೆ ಬೇರೊಂದು ಫೋಲ್ಡರ್ ಎಂದು ಅದು ಪ್ರತಿಯೊಂದನ್ನೂ ಜಾತಿಯಿಂದ ವಿಂಗಡಿಸುತ್ತದೆಯೇ ಹೊರತು, ಯಾವ ಕಾರ್ಯಕ್ಕಾಗಿ ಅವು ಹುಟ್ಟಿದವೆಂಬುದನ್ನು ವಿಚಾರಿಸುವುದಿಲ್ಲ.

ಈ ತೊಡಕನ್ನು ಬಹು ಮೊದಲೇ ಚಿಂತಿಸಿದವರಲ್ಲಿ ಅಮೆರಿಕದ ಇಂಜಿನಿಯರ್ ವ್ಯಾನಿವರ್ ಬುಷ್ ಪ್ರಮುಖರು. 1945ರ ಜುಲೈ ತಿಂಗಳಲ್ಲಿ ‘ಅಟ್ಲಾಂಟಿಕ್’ ಮಾಸಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ಅವರು, ಮನುಷ್ಯನೊಬ್ಬನ ಪುಸ್ತಕಗಳನ್ನೂ ದಾಖಲೆಗಳನ್ನೂ ಪತ್ರಗಳನ್ನೂ ಮೈಕ್ರೋಫಿಲ್ಮಿನಲ್ಲಿ ಅಡಕಗೊಳಿಸಿಕೊಂಡ ‘ಮೆಮೆಕ್ಸ್’ ಎಂಬ ಮೇಜನ್ನು ಕಲ್ಪಿಸಿದರು. ಧರ್ಮಯುದ್ಧಗಳ ಕಾಲದಲ್ಲಿ ತುರ್ಕರ ಗಿಡ್ಡ ಬಿಲ್ಲು ಆಂಗ್ಲರ ಉದ್ದ ಬಿಲ್ಲಿಗಿಂತ ಮೇಲೆನಿಸಿದುದು ಏತಕ್ಕೆಂದು ಶೋಧಿಸುವ ಓದುಗನು ಆ ಮೇಜಿನ ಮುಂದೆ ಕುಳಿತು, ವಿಶ್ವಕೋಶದ ಪುಟವನ್ನು ಇತಿಹಾಸದ ಪುಟಕ್ಕೂ, ಅದನ್ನು ತನ್ನದೇ ಟಿಪ್ಪಣಿಗೂ ಜೋಡಿಸುತ್ತ ಜಾಡೊಂದನ್ನು ನಿರ್ಮಿಸುತ್ತಾನೆ. ಆ ಜಾಡಿಗೆ ಹೆಸರಿಟ್ಟು, ಹೆಸರನ್ನು ಸಂಕೇತಗಳ ಪುಸ್ತಕದಲ್ಲಿ ದಾಖಲಿಸುತ್ತಾನೆ. ಯಂತ್ರವು ಎಂದೂ ನಿರ್ಮಾಣವಾಗಲಿಲ್ಲ. ಆದರೆ ಜಾಡಿಗೆ ಹೆಸರಿಡುವ ಆ ಸಣ್ಣ ಕ್ರಿಯೆಯೇ, ನನ್ನ ಅಭಿಪ್ರಾಯದಲ್ಲಿ, ಇಡೀ ಲೇಖನದ ಅತ್ಯಂತ ಉಪಯುಕ್ತವಾದ ಅಂಶ.

ಉದಾಹರಣೆಗೆ, ಮೃತರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಯ ವ್ಯವಹಾರವೊಂದನ್ನು ತೆಗೆದುಕೊಳ್ಳೋಣ. ಪಹಣಿ, ವಂಶವೃಕ್ಷ, ಮರಣ ಪ್ರಮಾಣಪತ್ರಗಳ ಪ್ರತಿಗಳು ಫೋಲ್ಡರಿನಲ್ಲಿ. ವಕೀಲರ ಸಲಹೆ ಮಿಂಚಂಚೆಯಲ್ಲಿ. ನಾಡಕಚೇರಿಯಲ್ಲಿ ಕೇಳಿಬಂದ ಮಾತು ಮೊಬೈಲಿನ ಟಿಪ್ಪಣಿಯಲ್ಲಿ. ಈ ಮೂರೂ ಕಡೆ ‘ಪೌತಿಖಾತೆ’ ಎಂಬ ಒಂದೇ ಹೆಸರನ್ನು, ಅಕ್ಷರವೂ ವ್ಯತ್ಯಾಸವಾಗದಂತೆ, ಫೋಲ್ಡರಿಗೂ ಮಿಂಚಂಚೆಯ ಲೇಬಲ್ಲಿಗೂ ಟಿಪ್ಪಣಿಯ ತಲೆಬರಹಕ್ಕೂ ಇಡಬೇಕು. ‘ಖಾತೆ’ ಎಂದೊಮ್ಮೆ, ‘ಖಾತಾ’ ಎಂದೊಮ್ಮೆ ಬರೆದರೆ, ಅವೆರಡೂ ಒಂದೇ ಎಂದು ಗ್ರಹಿಸುವ ದಾಕ್ಷಿಣ್ಯ ಯಂತ್ರದ ಸಾಮಾನ್ಯ ಹುಡುಕಾಟಕ್ಕಿಲ್ಲ. ಲಗತ್ತುಗಳನ್ನು ಮಿಂಚಂಚೆಯಲ್ಲಿಯೇ ಬಿಡದೆ ಫೋಲ್ಡರಿಗೆ ಇಳಿಸಿಕೊಂಡು, ‘ಸ್ಕ್ಯಾನ್0001’ ಎಂಬ ಅನಾಥನಾಮವನ್ನು ಅಳಿಸಿ, ‘2024-03-18-ಪಹಣಿ’ ಎಂದು ಬರೆಯುವುದು ಲೇಸು. ವರ್ಷವನ್ನು ಮುಂದಿಡುವುದರಿಂದ ಹೆಸರಿನ ಅನುಕ್ರಮವೇ ಕಾಲಾನುಕ್ರಮವಾಗುತ್ತದೆ. ದಿನವನ್ನು ಮೊದಲಿಟ್ಟರೆ ಎಲ್ಲ ತಿಂಗಳುಗಳ ಹದಿನೆಂಟನೆಯ ತಾರೀಖುಗಳೂ ಒಂದೆಡೆ ಗುಂಪುಗೂಡುತ್ತವೆ.

ಫೋಲ್ಡರಿಗೂ ಲೇಬಲ್ಲಿಗೂ ಭೇದವುಂಟು. ಒಂದು ಕಡತ ಸಾಮಾನ್ಯವಾಗಿ ಒಂದೇ ಫೋಲ್ಡರಿನಲ್ಲಿರುತ್ತದೆ. 2004ರಲ್ಲಿ ಆರಂಭವಾದ ಜಿಮೇಲ್ ಬಳಕೆಗೆ ತಂದ ಲೇಬಲ್ಲುಗಳನ್ನಾದರೋ ಒಂದೇ ಪತ್ರಕ್ಕೆ ಎರಡು ಮೂರು ಅಂಟಿಸಬಹುದು. ಹೀಗೆಯೇ ಒಂದು ಗ್ರಂಥಕ್ಕೂ ಹಲವು ಮುಖಗಳುಂಟೆಂಬುದನ್ನು 1933ರ ತಮ್ಮ ‘ಕೋಲನ್’ ವರ್ಗೀಕರಣದಲ್ಲಿ ವಿಶದಪಡಿಸಿದವರು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್.

ಕನ್ನಡಿಗರಿಗೆ ವಿಶೇಷವಾದ ಸಂಕಟವೊಂದಿದೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಕಡತಗಳು ಕಣ್ಣಿಗೆ ಕನ್ನಡವಾಗಿ ತೋರಿದರೂ, ಒಳಗೆ ಅಡಗಿರುವುದು ರೋಮನ್ ಲಿಪಿಯ ಸಂಕೇತಗಳು. ಯೂನಿಕೋಡಿನಲ್ಲಿ ‘ಪಹಣಿ’ ಎಂದು ಹುಡುಕಿದರೆ ಅವು ಓಗೊಡವು. ಎಲ್ಲವನ್ನೂ ಪರಿವರ್ತಿಸಲು ಪುರಸೊತ್ತಿಲ್ಲದವರು ಕಡತದ ಹೆಸರನ್ನಾದರೂ ಯೂನಿಕೋಡಿನಲ್ಲಿ ಬರೆದಿಟ್ಟರೆ ಅರ್ಧ ಕೆಲಸವಾದಂತೆಯೇ.

ಬಳಕೆಯಲ್ಲಿರುವ ಹೆಸರುಗಳ ಪಟ್ಟಿಯೊಂದನ್ನು ಪ್ರತ್ಯೇಕ ಟಿಪ್ಪಣಿಯಲ್ಲಿ ಇಟ್ಟುಕೊಂಡು, ಹೊಸದನ್ನು ಸೃಷ್ಟಿಸುವ ಮುನ್ನ ಅದನ್ನೊಮ್ಮೆ ನೋಡತಕ್ಕದ್ದು. ವ್ಯವಹಾರ ಮುಗಿದ ಮೇಲೆ ಫೋಲ್ಡರನ್ನು ‘ಮುಗಿದವು’ ಎಂಬಲ್ಲಿಗೆ ಸಾಗಿಸಬಹುದು, ಹೆಸರನ್ನು ಬದಲಿಸಲಾಗದು. ‘ಇತರೆ’ ಎಂಬುದನ್ನು ಮಾತ್ರ ಆ ಪಟ್ಟಿಗೆ ಸೇರಿಸಕೂಡದು. ಸೇರಿಸಿದರೆ, ವರ್ಷ ತುಂಬುವುದರೊಳಗೆ ಉಳಿದೆಲ್ಲ ಹೆಸರುಗಳಿಗಿಂತ ಅದೇ ದಪ್ಪವಾಗಿರುತ್ತದೆ.