ಪಿತ್ತ ಆಗೇತಿ ಅಂದರೆ ಏನಾಗೇತಿ?

ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಿಂದ ಬಾದಾಮಿಯ ದಾರಿ ಹೊರಳುವುದು ಕುಳಗೇರಿ ಕ್ರಾಸ್‌ನಲ್ಲಿ. ಈ ಸೀಮೆಯ ಔಷಧ ಅಂಗಡಿಗಳ ಮುಂದೆ ‘ಪಿತ್ತ ಆಗೇತ್ರಿ, ಒಂದ್ ಗುಳಿಗಿ ಕೊಡ್ರಿ’ ಎನ್ನುವವರು ಯಾವ ಬೇನೆ ಹೇಳುತ್ತಿದ್ದಾರೆಂದು ತಿಳಿಯಲು ಮತ್ತೊಂದೆರಡು ಮಾತು ಕೇಳಲೇಬೇಕು. ತಲೆ ಸುತ್ತಿದರೂ ಪಿತ್ತ, ಬೆಳಗ್ಗೆ ಕಹಿ ವಾಂತಿಯಾದರೂ ಪಿತ್ತ. ಮೈಮೇಲೆ ದದ್ದು ಎದ್ದರೆ ಪಿತ್ತದ ಗಂಧೆ. ಅದಕ್ಕೆ ಕಂಬಳಿಯಿಂದ ಮೈ ತಿಕ್ಕುತ್ತಾರೆ. ಹಿಮ್ಮಡಿ ಒಡೆದದ್ದಕ್ಕೂ ಹರೆಯದಲ್ಲೇ ಕೂದಲು ನರೆತದ್ದಕ್ಕೂ ಅದೇ ಕಾರಣ. ಯಾರಾದರೂ ಸೊಕ್ಕಿನಿಂದ ಮಾತಾಡಿದರೆ ‘ಅವಗ ಪಿತ್ತ ನೆತ್ತಿಗೇರೇತಿ’.

ಇದನ್ನೆಲ್ಲ ಹಳ್ಳಿಗರ ಗೊಂದಲವೆಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಇದರ ಬೆನ್ನಿಗೆ ಹಳೆಯದೊಂದು ಶಾಸ್ತ್ರವಿದೆ. ವಾಗ್ಭಟನ ಅಷ್ಟಾಂಗಹೃದಯ ಪಿತ್ತವನ್ನು ಐದಾಗಿ ವಿಂಗಡಿಸುತ್ತದೆ. ಪಾಚಕ ಉಂಡದ್ದನ್ನು ಅರಗಿಸುತ್ತದೆ, ರಂಜಕ ರಸಕ್ಕೆ ಕೆಂಪು ಬಣ್ಣ ಕೊಡುತ್ತದೆ, ಆಲೋಚಕ ಕಣ್ಣಿನಲ್ಲಿದೆ, ಭ್ರಾಜಕ ಚರ್ಮದಲ್ಲಿ. ಹೃದಯದಲ್ಲಿರುವ ಸಾಧಕಪಿತ್ತದ್ದು ಬುದ್ಧಿ ಮತ್ತು ಅಭಿಮಾನ. ಹಾಗಾಗಿ ಮೈಮೇಲಿನ ಗಂಧೆಯೂ ನೆತ್ತಿಗೇರಿದ ಸೊಕ್ಕೂ ಒಂದೇ ಹೆಸರು ಹೊತ್ತಿದ್ದರೆ ಅಚ್ಚರಿಯಿಲ್ಲ. ಜಗದ್ದಳ ಸೋಮನಾಥ 12ನೇ ಶತಮಾನದಲ್ಲಿ ‘ಕರ್ಣಾಟಕ ಕಲ್ಯಾಣಕಾರಕ’ ಬರೆದು ವೈದ್ಯವನ್ನು ಕನ್ನಡಕ್ಕೆ ತಂದ. ಕನ್ನಡದ ವೈದ್ಯ ಅಷ್ಟು ಹಳೆಯದು.

ಪಿತ್ತಕ್ಕೆ ಮನಸ್ಸನ್ನು ಗಂಟುಹಾಕಿದವರು ನಾವಷ್ಟೇ ಅಲ್ಲ. ತಮಿಳಿನಲ್ಲಿ ಪಿತ್ತನ್ ಎಂದರೆ ಹುಚ್ಚ; ಸುಂದರಮೂರ್ತಿ ನಾಯನಾರರು ಶಿವನನ್ನೇ ಹಾಗೆ ಕರೆದರು. ಗ್ರೀಕರು ದೇಹದಲ್ಲಿ ಕಪ್ಪು ಪಿತ್ತವೂ ಇದೆಯೆಂದು ನಂಬಿ, ಮಂಕು ಕವಿದ ಮನಸ್ಸಿಗೆ ಅದರಿಂದಲೇ ‘ಮೆಲಾಂಕೊಲಿಯಾ’ ಎಂದು ಹೆಸರಿಟ್ಟರು. ಚೀನೀಯರಿಗೆ ಪಿತ್ತಕೋಶವೇ ಧೈರ್ಯದ ನೆಲೆ. ನಮ್ಮಲ್ಲಿ ಆ ಜಾಗ ಗುಂಡಿಗೆಯದು.

ಇನ್ನು ನಿಜವಾದ ರಸ. ಅದನ್ನು ಮಾಡುವುದು ಯಕೃತ್ತು, ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು. ಪಿತ್ತಕೋಶ ಅದನ್ನು ಗಟ್ಟಿ ಮಾಡಿ ಕೂಡಿಟ್ಟು, ಎಣ್ಣೆ, ತುಪ್ಪ ಹೊಟ್ಟೆಗೆ ಬಿದ್ದಾಗ ಸಣ್ಣಕರುಳಿಗೆ ಬಿಡುತ್ತದೆ. ಸಾಬೂನು ಜಿಡ್ಡು ಬಿಡಿಸುವ ಹಾಗೆ ಪಿತ್ತರಸ ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ. ಕುರಿ ಕೊಯ್ಯುವವರು ಪಿತ್ತದ ಚೀಲ ಒಡೆಯದಂತೆ ಜೋಪಾನವಾಗಿ ಬಿಡಿಸುವುದು ಅದು ಸೋಂಕಿದ ಮಾಂಸವೆಲ್ಲ ಕಹಿಯಾಗುತ್ತದೆಂದು. ಗಂಧೆಗೆ ಮಾತ್ರ ಈ ರಸ ಕಾರಣವಲ್ಲ; ಚರ್ಮದ ಕೆಲವು ಜೀವಕೋಶಗಳು ಬಿಡುವ ಹಿಸ್ಟಮಿನ್ ಅದನ್ನು ಎಬ್ಬಿಸುತ್ತದೆ. ಹುಳಿ ತೇಗೂ ಎದೆಯುರಿಯೂ ಜಠರದ ಆಮ್ಲದವು.

ನನ್ನ ಆತಂಕ ಒಂದೇ. ಎಲ್ಲವೂ ಪಿತ್ತವೇ ಆದಾಗ, ಪಿತ್ತರಸದ ದಾರಿಯೇ ಕಟ್ಟಿದ್ದು ಕಣ್ತಪ್ಪಿಹೋಗುತ್ತದೆ. ಕಲ್ಲು ಅಡ್ಡಬಂದು ನಾಳ ಕಟ್ಟಿದರೆ ಕಣ್ಣು ಹಳದಿಯಾಗುತ್ತದೆ, ಮೂತ್ರದ ಬಣ್ಣ ದಟ್ಟವಾಗುತ್ತದೆ, ಮಲ ಜೇಡಿಮಣ್ಣಿನಂತೆ ಬಿಳಚಿಕೊಳ್ಳುತ್ತದೆ, ಮೈಯೆಲ್ಲ ತುರಿಸುತ್ತದೆ. ಜೊತೆಗೆ ಚಳಿಜ್ವರ, ಬಲಪಕ್ಕೆಯ ಕೆಳಗೆ ನೋವು ಕಂಡರೆ ಕಾಮಣಿಗೆ ಬೇರು ಕುಡಿಸುತ್ತ ದಿನ ದೂಡುವಂತಿಲ್ಲ; ಅಂದೇ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಬೆವರಿನೊಂದಿಗೆ ಎದೆ ಹಿಂಡಿದರೆ, ಆ ನೋವು ಎಡಗೈಗೋ ದವಡೆಗೋ ಹಬ್ಬಿದರೆ, ಅದು ಹೃದಯದ್ದಿರಬಹುದು; ಅದಕ್ಕಂತೂ ಪಿತ್ತದ ಗುಳಿಗೆ ಕೇಳುತ್ತ ನಿಲ್ಲುವಷ್ಟು ಹೊತ್ತೂ ಇರುವುದಿಲ್ಲ.