ಊರ ಗೋಮಾಳದಲ್ಲಿ ಹದಿನೆಂಟು ಗುಳಿ

ಬೆಂಗಳೂರಿಗರಿಗೆ ಗಾಲ್ಫ್ ಎಂದರೆ ಕಾಂಪೌಂಡಿನ ಆಚೆಗಿನ ಆಟ. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ ಊರಿನ ನಟ್ಟನಡುವೆಯೇ ಇದೆ. ಬಸ್ಸಿನ ಕಿಟಕಿಯಿಂದ ಹಸಿರು ಕಂಡಿದ್ದೇ ಬಹುಪಾಲು ಜನರ ಭಾಗ್ಯ. ಆದರೆ ಈ ಆಟದ ತವರು ಎನಿಸಿದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಲೆಕ್ಕವೇ ಬೇರೆ. ಅಲ್ಲಿನ ಓಲ್ಡ್ ಕೋರ್ಸ್ ಯಾವ ಕ್ಲಬ್ಬಿನ ಆಸ್ತಿಯೂ ಅಲ್ಲ, ಊರಿನ ಗೋಮಾಳ.

1552ರಲ್ಲಿ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಆ ಬಯಲಿನಲ್ಲಿ ಮೊಲ ಸಾಕಲು ಊರಿನವರ ಒಪ್ಪಿಗೆ ಪಡೆದರು. ಆಗ ಆದ ಪತ್ರದಲ್ಲೇ ದನ ಮೇಯಿಸುವ, ಗಾಲ್ಫ್ ಆಡುವ ಹಕ್ಕು ಜನರದ್ದೆಂದು ದಾಖಲಾಯಿತು. ಮೊಲಗಳು ಮಾತ್ರ ಸುಮ್ಮನಿರಲಿಲ್ಲ. 1797ರಲ್ಲಿ ದಿವಾಳಿಯೆದ್ದ ಪುರಸಭೆ ಬಯಲನ್ನು ಮಾರಿಕೊಂಡಿತು. ಮೊಲದ ವ್ಯಾಪಾರಿಗಳು ಬಂದರು, ಬಿಲಗಳು ತುಂಬಿಕೊಂಡವು. ಆಟಗಾರರಿಗೂ ಅವರಿಗೂ ಕೋರ್ಟು ಕಚೇರಿ, ಕೈಕೈ ಮಿಲಾಯಿಸುವಿಕೆ ಎಲ್ಲ ನಡೆಯಿತು. 1821ರಲ್ಲಿ ಜೇಮ್ಸ್ ಚೀಪ್ ಎಂಬ ಜಮೀನ್ದಾರ ಜಾಗ ಕೊಂಡು ಆಟಕ್ಕೆ ಉಳಿಸಿದ. ಈಗ ಒಂದು ಟ್ರಸ್ಟ್ ನೋಡಿಕೊಳ್ಳುತ್ತದೆ. ಮುಂಗಡ ಬುಕ್ಕಿಂಗ್ ಸಿಗದವರು ಲಾಟರಿಗೆ ಹೆಸರು ಕೊಡಬಹುದು. ದೊಡ್ಡ ಪಂದ್ಯಗಳ ಹೊತ್ತು ಬಿಟ್ಟರೆ ಭಾನುವಾರ ಆಟಕ್ಕೆ ರಜೆ; ಅಂದು ಊರಿನವರು ನಾಯಿ ಹಿಡಿದು ಫೇರ್‌ವೇ ಮೇಲೆಯೇ ಓಡಾಡುತ್ತಾರೆ.

ಸಮುದ್ರಕ್ಕೂ ಹೊಲಗಳಿಗೂ ನಡುವಿನ ಮರಳುದಿಬ್ಬದ ನೆಲವೇ ಲಿಂಕ್ಸ್. ಬೇಸಾಯಕ್ಕೆ ಬಾರದು, ಮಳೆ ಬಿದ್ದರೆ ನೀರು ನಿಲ್ಲದೆ ಇಂಗುತ್ತದೆ, ಹುಲ್ಲು ಸಣ್ಣಗೆ ಬಿಗಿಯಾಗಿ ಬೆಳೆಯುತ್ತದೆ. ಇಲ್ಲಿನ ಮೊದಲ ಬಂಕರ್‌ಗಳು ಗಾಳಿಗೆ ಹೆದರಿದ ಕುರಿಗಳು ಮಲಗಿ ಮಲಗಿ ಆದ ಗುಂಡಿಗಳು ಎನ್ನುತ್ತಾರೆ. ನಕ್ಷೆ ಬರೆದು ಕಟ್ಟಿದ ಮೈದಾನವಲ್ಲ ಇದು. ಕಿರಿದಾದ ಒಂದೇ ಪಟ್ಟಿಯಲ್ಲಿ ಹೋಗಿ ಅದೇ ಪಟ್ಟಿಯಲ್ಲಿ ವಾಪಸು ಬರಬೇಕು. ಹಾಗಾಗಿ ಏಳು ಗ್ರೀನ್‌ಗಳಲ್ಲಿ ಎರಡೆರಡು ಗುಳಿ: ಎರಡನೆಯದಕ್ಕೆ ಹದಿನಾರು ಜೋಡಿ, ಮೂರಕ್ಕೆ ಹದಿನೈದು. ಯಾವ ಜೋಡಿ ಕೂಡಿದರೂ ಹದಿನೆಂಟೇ. ಮೊದಲು ಒಂದು ಸುತ್ತಿಗೆ 22 ಹೋಲ್ ಇದ್ದವು. 1764ರಲ್ಲಿ ಗಿಡ್ಡವಾದ ಕೆಲವನ್ನು ಸೇರಿಸಿ 18 ಮಾಡಿದರು. ಕಾಲಾಂತರದಲ್ಲಿ ಜಗತ್ತಿಗೆಲ್ಲ ಅದೇ ಲೆಕ್ಕವಾಯಿತು.

ಮೊದಲ ಹೋಲ್ ನೋಡಿದವರಿಗೆ ಇಷ್ಟೇನಾ ಅನ್ನಿಸುತ್ತದೆ. ವಿಶಾಲ ಹುಲ್ಲು, ಒಂದೂ ಬಂಕರ್ ಇಲ್ಲ, ಗ್ರೀನಿನ ಮುಂದೆ ಸ್ವಿಲ್ಕನ್ ಎಂಬ ಸಣ್ಣ ಹಳ್ಳ. ಓಲ್ಡ್ ಕೋರ್ಸ್ ತನ್ನ ಗುಟ್ಟನ್ನು ಬೇಗ ಬಿಟ್ಟುಕೊಡುವುದಿಲ್ಲ. ಅಮೆರಿಕದ ಬಾಬಿ ಜೋನ್ಸ್ 1921ರಲ್ಲಿ ಹನ್ನೊಂದನೇ ಹೋಲ್‌ನಲ್ಲಿ ರೋಸಿ ಆಟವನ್ನೇ ಕೈಬಿಟ್ಟರು. ಆರು ವರ್ಷದ ಮೇಲೆ ಇದೇ ನೆಲದಲ್ಲಿ ಓಪನ್ ಚಾಂಪಿಯನ್‌ಶಿಪ್ ಗೆದ್ದರು. 1958ರಲ್ಲಿ ಊರು ಅವರಿಗೆ ಗೌರವ ಪೌರತ್ವ ಕೊಟ್ಟಿತು. ಜೋರು ಗಾಳಿಯಲ್ಲಿ ಚೆಂಡನ್ನು ಎತ್ತಿ ಹೊಡೆದವನು ಕೆಟ್ಟ. ನೆಲದ ಉಬ್ಬುತಗ್ಗು ಓದಿಕೊಂಡು ಉರುಳಿಸುವವನಿಗೇ ಇಲ್ಲಿ ಉಳಿಗಾಲ. ದಾರಿ ಬಲ್ಲ ಕ್ಯಾಡಿಯ ಮಾತು ಕೇಳುವುದೇ ವಾಸಿ.

ನನ್ನ ಮಟ್ಟಿಗೆ ಈ ಮೈದಾನದ ಅಸಲಿ ಹೋಲ್ ಹದಿನೇಳನೆಯದು. ಹೋಟೆಲಿನ ಶೆಡ್‌ಗಳ ಮೂಲೆಯ ಮೇಲಿಂದ, ಗುರಿ ಕಾಣದೆ ಹೊಡೆಯಬೇಕು. ಮುಂದೆ ಉದ್ದನೆಯ ಕಿರಿದಾದ ಗ್ರೀನ್. ಅದರ ಈಚೆ ಆಳದ ಬಂಕರ್, ಆಚೆ ಡಾಂಬರು ರಸ್ತೆ ಮತ್ತು ಕಲ್ಲಿನ ಗೋಡೆ. ರಸ್ತೆಗೆ ಬಿದ್ದ ಚೆಂಡನ್ನು ರಸ್ತೆಯ ಮೇಲಿಂದಲೇ ಹೊಡೆಯಬೇಕು. 1978ರ ಓಪನ್‌ನಲ್ಲಿ ಜಪಾನಿನ ಟಾಮಿ ನಕಾಜಿಮಾ ಗ್ರೀನ್ ತಲುಪಿಯೂ ಆಗಿತ್ತು. ಪಟ್ ಮಾಡಿದ ಚೆಂಡು ಇಳಿಜಾರಿನಲ್ಲಿ ಜಾರಿ ಬಂಕರಿಗೆ ಬಿತ್ತು. ಮೇಲೆತ್ತಲು ನಾಲ್ಕು ಹೊಡೆತ ಬೇಕಾಯಿತು. ಆ ಹೋಲ್‌ಗೆ ಒಟ್ಟು ಒಂಬತ್ತು.

ಕೊನೆಯದು ಸುಲಭದ್ದು. ಸ್ವಿಲ್ಕನ್‌ನ ಪುಟ್ಟ ಕಲ್ಲುಸೇತುವೆ ದಾಟಿದರೆ ಫೇರ್‌ವೇಗೆ ಅಡ್ಡವಾಗಿ ಊರಿನ ರಸ್ತೆ ಹಾಯುತ್ತದೆ, ಕಟಕಟೆಗೆ ಒರಗಿ ದಾರಿಹೋಕರು ಆಟ ನೋಡುತ್ತಿರುತ್ತಾರೆ. 1970ರಲ್ಲಿ ಡೌಗ್ ಸ್ಯಾಂಡರ್ಸ್ ಓಪನ್ ಗೆಲ್ಲಲು ಇಲ್ಲಿ ಬೇಕಿದ್ದದ್ದು ಸುಮಾರು ಮೂರಡಿಯ ಒಂದು ಪಟ್. ಅದು ತಪ್ಪಿತು, ಮರುದಿನದ ಪ್ಲೇಆಫ್‌ನಲ್ಲಿ ಜಾಕ್ ನಿಕ್ಲಾಸ್‌ಗೆ ಒಂದೇ ಹೊಡೆತದಿಂದ ಸೋತರು.